ಐದನೆಯ ಕಟ್ಟು

ಫೆಬ್ರವರಿ ೧೭

ಜೋಲೀನ್‌ಗೆ,

ನಿನ್ನೆ ಆಸ್ಪತ್ರೆಯಿಂದ ಡೆಲ್ಬರ್ಟ್ ಹೆಸರಿಗೆ ಒಂದು ಕಾಗದ ಬಂತು. 'ನಮ್ಮಲ್ಲಿ ನಿಮ್ಮ ವಾಸ್ತವ್ಯ ಹೇಗಿತ್ತು? ನಿಮ್ಮ ಬಂಧುಮಿತ್ರರಿಗೆ ನಮ್ಮನ್ನು ಶಿಫಾರಸು ಮಾಡುತ್ತೀರಾ?' ಎಂದು ಕೇಳಿದ್ದಾರೆ. ಒಂದರಿಂದ ಹತ್ತರೊಳಗೆ ಅಂಕ ಕೊಡಬೇಕಂತೆ. ನನ್ನ ಗಂಡ ಸತ್ತು ಒಂಬತ್ತು ವಾರವಾಯಿತು. ಸತ್ತದ್ದು ಅವರದೇ ಮೂರನೇ ಮಹಡಿಯಲ್ಲಿ. ಅಲ್ಲಿಂದ ಹೊರಗೆ ಬಂದ ಹೆಣ ಯಾರದೆಂದು ಅವರ ಕಂಪ್ಯೂಟರಿಗೆ ಇನ್ನೂ ಗೊತ್ತಾಗಿಲ್ಲ, ಆದರೆ ವಿಳಾಸ ಮಾತ್ರ ಚೆನ್ನಾಗಿ ಗೊತ್ತು.

ನೀನು ಫೋನ್ ಮಾಡಿದಾಗೆಲ್ಲ ನಾನು ಎತ್ತಿಲ್ಲ. ಕೇಳಿಸದೆ ಅಲ್ಲ. ಎತ್ತಿದರೆ ಕಿರುಚುತ್ತೇನೆ ಎಂಬ ಹೆದರಿಕೆಗೆ ಎತ್ತಿಲ್ಲ. ಐದು ಮನೆ ಆಚೆ ಇರುವವಳಿಗೆ ಅಂಚೆಯಲ್ಲಿ ಕಾಗದ ಬರೆಯುವ ಹುಚ್ಚಿ ಎಂದು ನೀನು ಅಂದುಕೊಂಡರೆ ಅಂದುಕೋ. ಈ ಕಾಗದ ತೊಂಬತ್ತು ಮೈಲಿ ದೂರದ ನಗರಕ್ಕೆ ಹೋಗಿ, ಅಲ್ಲಿ ಮುದ್ರೆ ಒತ್ತಿಸಿಕೊಂಡು, ತಿರುಗಿ ತೊಂಬತ್ತು ಮೈಲಿ ಬಂದು ನಿನ್ನ ಕೈಸೇರುತ್ತದೆ. ಅಷ್ಟು ಹೊತ್ತು ನನ್ನ ಸಿಟ್ಟಿಗೂ ಬೇಕು.

ಅದರ ಹಿಂದೆಯೇ ಆಸ್ಪತ್ರೆಯ ಕಾನೂನು ವಿಭಾಗದ ಕಾಗದವೂ ಬಂದಿದೆ. ಡಿಸೆಂಬರಿನ ಎರಡನೇ ಆಪರೇಷನ್‌ನಲ್ಲಿ ಡೆಲ್ ಹೊಟ್ಟೆಯಿಂದ ತೆಗೆದ, ರಕ್ತ ಹೀರಲು ಒಳಗಿಡುವ ಬಟ್ಟೆ ತಮ್ಮದಲ್ಲವಂತೆ. ಒಂಬತ್ತು ವರ್ಷದ ಹಿಂದೆ ನಗರದ ಬೇರೊಂದು ಆಸ್ಪತ್ರೆಯಲ್ಲಿ ಅವನಿಗೆ ಹರ್ನಿಯಾ ಕುಯ್ದಿದ್ದರಲ್ಲ, ಆಗಿನದು ಇರಬೇಕಂತೆ. ಒಂಬತ್ತು ವರ್ಷ ಹೊಟ್ಟೆಯಲ್ಲಿ ಬಟ್ಟೆ ಇಟ್ಟುಕೊಂಡು ಅವನು ಕಾಗದದ ಕಾರ್ಖಾನೆಯಲ್ಲಿ ಪಾಳಿ ಮಾಡಿದನಂತೆ, ನಿನ್ನ ಗಂಡ ರಾಯ್ ಜೊತೆ ನದಿಗೆ ಹೋಗಿ ಮೀನು ಹಿಡಿದನಂತೆ, ನನ್ನ ಕೈಯ ಅಡುಗೆ ಎರಡೆರಡು ಸಲ ಬಡಿಸಿಕೊಂಡು ತಿಂದನಂತೆ.

ಪೆಟ್ರೋಲ್ ಬಂಕಿನಲ್ಲಿ ಇವತ್ತಿಗೂ ಅವನ ಡಬ್ಬ ಇದೆ. ಆಪರೇಷನ್ನಿಗೆ ದುಡ್ಡು ಕೂಡಿಸಲು ಇಟ್ಟಿದ್ದ ಆ ಕಾಫಿ ಡಬ್ಬಕ್ಕೆ ಫೋಟೋ ಬೇಕೆಂದು ನೀನೇ ಹೇಳಿದ್ದೆ. ಅವನು, ರಾಯ್ ಇಬ್ಬರೂ ದೊಡ್ಡ ಮೀನು ಹಿಡಿದು ನಿಂತಿದ್ದರಲ್ಲ, ಅದರಲ್ಲಿ ರಾಯ್‌ನನ್ನು ಕತ್ತರಿಸಿ ಡೆಲ್‌ನನ್ನು ಅಂಟಿಸಿದ್ದೆವು. ಅರ್ಧ ಮೀನು ಹಿಡಿದುಕೊಂಡು ಅವನು ಇನ್ನೂ ನಗುತ್ತಿದ್ದಾನೆ. ತೆಗೆಯಲು ಯಾರಿಗೂ ಧೈರ್ಯವಿಲ್ಲ.

ನನ್ನದು ಒಂದೇ ಪ್ರಶ್ನೆ. ಅಕ್ಟೋಬರ್ ಹದಿನಾಲ್ಕರಂದು ಅವನ ಕರುಳಿನ ಆಪರೇಷನ್ ನಡೆದಾಗ ಆ ಕೋಣೆಯಲ್ಲಿ ಬಟ್ಟೆ ಎಣಿಸುವ ನರ್ಸ್ ನೀನಾಗಿದ್ದೆ. ಆ ಬಟ್ಟೆ ನಿಮ್ಮದೋ ಅಲ್ಲವೋ?

ಮೇವಿಸ್


ಫೆಬ್ರವರಿ ೨೬

ಪ್ರೀತಿಯ ಮೇವಿ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಐದನೇ ಸಲಕ್ಕೆ ರಾಯ್ ಕೈಯಿಂದ ಕಿತ್ತುಕೊಂಡ. "ಸಾಕು ಬಿಡೇ, ನೋಡಿ ನೋಡಿ ಅಕ್ಷರ ಬದಲಾಗುತ್ತಾ?" ಅಂದ.

ನಾನು ಹೇಗೆ ಹೇಳಲಿ? ಆಫೀಸಿನವರು ನಮ್ಮ ಕೋಣೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, ಡೆಲ್ಬರ್ಟ್ ವಿಷಯ ಯಾರ ಹತ್ತಿರವೂ ಎತ್ತಕೂಡದು, ಸತ್ತವನ ಮನೆಯವರ ಹತ್ತಿರವಂತೂ ಬೇಡವೇ ಬೇಡ ಎಂದು ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ. ನಿನ್ನನ್ನು 'ಮನೆಯವರು' ಎಂದು ಕರೆದದ್ದು ಕೇಳಿ ನನಗೆ ಹೇಗಾಯಿತು ಗೊತ್ತೇ? ನಲವತ್ತು ವರ್ಷ ಒಂದೇ ಬೀದಿಯಲ್ಲಿ ಇದ್ದೇವೆ, ಚರ್ಚಿನ ಅಡುಗೆಮನೆಯಲ್ಲಿ ಒಂದೇ ಸಿಂಕಿನಲ್ಲಿ ಕೈ ಇಟ್ಟಿದ್ದೇವೆ.

ರಾಯ್ ಮಾತ್ರೆ ನಿನಗೆ ಗೊತ್ತೇ ಇದೆ. ಅದನ್ನು ದಿನಾ ನುಂಗಿದರೆ ಅವನ ರಕ್ತದ ಕ್ಯಾನ್ಸರ್ ಮಲಗಿರುತ್ತದೆ, ತಪ್ಪಿಸಿದರೆ ಎದ್ದು ಕೂರುತ್ತದೆ. ಆ ಮಾತ್ರೆ ಬರುತ್ತಿರುವುದು ನನ್ನ ಕೆಲಸದ ವಿಮೆಯಿಂದ. ಮೀನಿನ ಗಾಳಕ್ಕೆ ಎರೆಹುಳು ಮಾರುವ ಅವನ ಅಂಗಡಿಯ ಆದಾಯಕ್ಕೆ ಅದರ ಡಬ್ಬಿಯ ಮುಚ್ಚಳವೂ ಬರುವುದಿಲ್ಲ. ಸರ್ಕಾರದ ವಿಮೆ ಸಿಗುವುದು ಅರವತ್ತೈದಕ್ಕೆ, ಅವನಿಗೆ ಇನ್ನೂ ಐದು ವರ್ಷ ಇದೆ.

ಹಾಳೆಯಲ್ಲಿ ಎಣಿಕೆ ಸರಿಯಾಗಿದೆ, ಮೇವಿ. ಅಷ್ಟು ಮಾತ್ರ ಹೇಳಬಲ್ಲೆ. ನೀನು ಸರಿಯಾಗಿ ಊಟ ಮಾಡುತ್ತಿದ್ದೀಯಾ?

ನಿನ್ನ ಜೋಲೀನ್


ಮಾರ್ಚ್ ೯

ಜೋಲೀನ್,

ಹಾಳೆಯಲ್ಲಿ ಸರಿಯಾಗಿದೆ ಎಂದು ಬರೆದಿದ್ದೀಯೇ ಹೊರತು ಹೊಟ್ಟೆಯಲ್ಲಿ ಸರಿಯಾಗಿತ್ತು ಎಂದು ಬರೆದಿಲ್ಲ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಸುಳ್ಳು ಕೇಳಿದವಳು ನಾನು. ಸುಳ್ಳು ಹೇಳದೆ ತಪ್ಪಿಸಿಕೊಳ್ಳುವವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಕಾಗದದಲ್ಲೂ ಕಾಣುತ್ತದೆ.

ಎರಡು ಆಪರೇಷನ್ನಿನ ನಡುವಿನ ಆ ಏಳು ವಾರದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಮನೆಗೆ ಬಂದ ಎಂಟನೇ ದಿನದಿಂದ ಜ್ವರ. ಆಪರೇಷನ್ ಮಾಡಿದ ಡಾ. ಹಾಲ್ವರ್ಸನ್‌ಗೆ ಫೋನ್ ಮಾಡಿದರೆ "ಗ್ಯಾಸ್ ಇರುತ್ತೆ, ನಡೆದಾಡಿಸಿ" ಅಂದರು. ನಡೆದಾಡಿಸಿದೆ. ಅವನು ಹಜಾರದ ಗೋಡೆ ಹಿಡಿದು ಹಿಡಿದು ಅಲ್ಲಿ ಕೈಯ ಗುರುತು ಮೂಡಿದೆ, ಬಂದು ನೋಡು ಬೇಕಾದರೆ. ಮತ್ತೆ ಫೋನ್ ಮಾಡಿದರೆ "ಮಲಬದ್ಧತೆ ಮೇಡಂ, ಒಣದ್ರಾಕ್ಷಿ ಕೊಡಿ." ಮೂರನೇ ಸಲ ಖುದ್ದಾಗಿ ಹೋದೆವು. ನಾಲ್ಕು ನಿಮಿಷ ನೋಡಿದರು. ಆ ನಾಲ್ಕು ನಿಮಿಷಕ್ಕೆ ಬಂದ ಬಿಲ್ಲಿನಲ್ಲಿ ನಾನು ತಿಂಗಳ ದಿನಸಿ ತರುತ್ತಿದ್ದೆ. ಕೊನೆಕೊನೆಗೆ ಅವನ ಹತ್ತಿರ ಕುಳಿತರೆ ಒಂದು ವಾಸನೆ. ನಾನು ಹಾಸಿಗೆ ಒಗೆದೆ, ನೆಲ ತಿಕ್ಕಿದೆ, ಫ್ರಿಜ್ಜಿನೊಳಗೆ ಹುಡುಕಿದೆ. ಅವನು ಮೆಲ್ಲಗೆ, "ಮೇವಿಸ್, ಫ್ರಿಜ್ಜಲ್ಲ ಕಣೇ, ನಾನು" ಅಂದ.

ಹೋದ ವಾರ ವಕೀಲ ಬ್ರೂಬೇಕರ್ ಹತ್ತಿರ ಹೋಗಿದ್ದೆ. ಒಳ್ಳೆಯ ಮನುಷ್ಯ, ಕಾಫಿ ಕೊಟ್ಟ, ಪೂರ್ತಿ ಕೇಳಿಸಿಕೊಂಡ. ಕೊನೆಗೆ ಹೇಳಿದ್ದು ಇಷ್ಟು:

"ಮಿಸೆಸ್ ಹಫ್‌ಮನ್, ನೀವು ಹೇಳೋದೆಲ್ಲ ನಿಜ ಅಂತ ನನಗೆ ಅನ್ನಿಸ್ತಿದೆ. ಆದ್ರೂ ಈ ಕೇಸು ನಾನು ತಗೊಳ್ಳಕ್ಕಾಗಲ್ಲ. ನಿಮ್ಮೆಜಮಾನ್ರು ಕೆಲಸದಲ್ಲಿ ಇರಲಿಲ್ಲ."

"ಕಾರ್ಖಾನೆ ಮುಚ್ಚಿದ್ರು, ಅದು ಅವನ ತಪ್ಪಾ?"

"ತಪ್ಪಲ್ಲಮ್ಮ. ಸಂಬಳ ಇಲ್ಲ ಅಂದ್ರೆ ಲೆಕ್ಕದಲ್ಲಿ ನಷ್ಟ ಇಲ್ಲ. ಉಳಿದಿದ್ದು ನೋವು, ಸಂಕಟ, ನಿಮ್ಮ ಒಂಟಿತನ. ಅದಕ್ಕೆ ಇಷ್ಟಕ್ಕಿಂತ ಜಾಸ್ತಿ ಕೊಡಬಾರ್ದು ಅಂತ ನಮ್ಮ ರಾಜ್ಯದಲ್ಲಿ ಕಾನೂನು ಮಿತಿ ಹಾಕಿದೆ. ಹೊರಗಿನಿಂದ ಡಾಕ್ಟರ್‌ಗಳನ್ನ ಸಾಕ್ಷಿಗೆ ಕರೆಸಿ, ನಾಲ್ಕೈದು ವರ್ಷ ಗುದ್ದಾಡಿದ್ರೆ ಆ ದುಡ್ಡು ಅದಕ್ಕೇ ಮುಗಿಯುತ್ತೆ. ಯಾವ ವಕೀಲನೂ ಒಪ್ಪಲ್ಲ. ಆಸ್ಪತ್ರೆಯವರಿಗೂ ಅದು ಗೊತ್ತು."

"ಯಾವಾಗ ಆಯ್ತು ಈ ಕಾನೂನು?" ಎಂದು ಕೇಳಿದೆ. ಕೇಳುವಾಗಲೇ ನನಗೆ ನೆನಪಾಯಿತು.

ಇಪ್ಪತ್ತೆರಡು ವರ್ಷದ ಹಿಂದೆ, ಹೆರಿಗೆ ಡಾಕ್ಟರು ಊರು ಬಿಟ್ಟು ಹೋಗುತ್ತಾರೆ, ಕೋರ್ಟಿನ ಕಾಟಕ್ಕೆ ವಿಮೆ ಕಟ್ಟಲಾಗದೆ ಓಡುತ್ತಿದ್ದಾರೆ ಎಂದು ಆಸ್ಪತ್ರೆಯವರು ಗುಲ್ಲೆಬ್ಬಿಸಿದ್ದರಲ್ಲ. ಎರಡು ಬಸ್ಸು ಮಾಡಿ ನಮ್ಮನ್ನು ರಾಜಧಾನಿಗೆ ಕರೆದುಕೊಂಡು ಹೋದರು. ನೀನು ನರ್ಸಿನ ಸಮವಸ್ತ್ರದಲ್ಲಿ, ನಾನು ಅವರು ಕೊಟ್ಟ ಹಳದಿ ಅಂಗಿಯಲ್ಲಿ. ದಾರಿಗೆ ಮೊಟ್ಟೆ ಸ್ಯಾಂಡ್‌ವಿಚ್ ಮಾಡಿದ್ದೂ ನಾನೇ. ಶಾಸನಸಭೆಯ ಮೆಟ್ಟಿಲ ಮೇಲೆ ನಿಂತು "ನಮ್ಮ ಡಾಕ್ಟರ್ ನಮಗೆ ಬೇಕು" ಎಂದು ಗಂಟಲು ಹರಿದುಕೊಂಡೆವು. ಪರಿಹಾರಕ್ಕೆ ಮಿತಿ ಹಾಕುವ ಕಾನೂನು ಬಂದರೆ ಆಸ್ಪತ್ರೆ ಖರ್ಚೂ ಇಳಿಯುತ್ತದೆ ಎಂದು ನಮ್ಮ ಮೂಗಿಗೆ ತುಪ್ಪ ಸವರಿದ್ದರು. ಖರ್ಚು ಇಳಿಯಿತೇ? ಹೆರಿಗೆ ಡಾಕ್ಟರು ಮೂರೇ ವರ್ಷಕ್ಕೆ ಫ್ಲಾರಿಡಾಕ್ಕೆ ಹೋದರು, ಸಮುದ್ರ ನೋಡಲು. ಹೆರಿಗೆ ವಾರ್ಡು ಮುಚ್ಚಿ ಅಲ್ಲಿ ಆಡಳಿತದವರ ಆಫೀಸು ಮಾಡಿದರು.

ಡೆಲ್ ಜೀವದ ಮೇಲೆ ಮಿತಿಯ ಬೆಲೆ ಬರೆದ ಆ ಕಾನೂನಿಗಾಗಿ ನಾನೇ ಕೂಗಿದ್ದೆ, ಜೋಲೀನ್. ವಕೀಲನ ಆಫೀಸಿನಿಂದ ಹೊರಗೆ ಬಂದವಳು ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಉಗಿಯಬೇಕೆನ್ನಿಸಿತು.

ಇನ್ನು ಮೇಲೆ ನನ್ನ ಊಟದ ಚಿಂತೆ ಮಾಡಬೇಡ.

ಮೇವಿಸ್


ಮಾರ್ಚ್ ೩೦

ಮೇವಿ,

ನಿನಗೆ ಬಂದಿರುವುದು ಬಿಲ್ಲಿನ ಸಾರಾಂಶ, ಎರಡು ಪುಟದ್ದು. ಎಲ್ಲರಿಗೂ ಅದನ್ನೇ ಕಳಿಸುತ್ತಾರೆ. ವಿವರದ ಬಿಲ್ಲು ಬೇಕು ಎಂದು ಬರೆದು ಕೇಳು. ಅದನ್ನು ಕೊಡಲೇಬೇಕು. ಆಪರೇಷನ್ ಕೋಣೆಯ ಎಣಿಕೆ ಹಾಳೆಯ ನಕಲನ್ನೂ ಕೇಳು.

ಆಪರೇಷನ್ ಬಟ್ಟೆ ಐದೈದರ ಕಟ್ಟಿನಲ್ಲಿ ಬರುತ್ತದೆ. ಕಟ್ಟು ಬಿಚ್ಚುವ ಮೊದಲು ಅದರ ಬಾರ್‌ಕೋಡ್ ಚೀಟಿಯನ್ನು ಯಂತ್ರಕ್ಕೆ ತೋರಿಸುತ್ತೇವೆ. ಆ ಯಂತ್ರ ಇರುವುದು ರೋಗಿಗಾಗಿ ಅಲ್ಲ, ಬಿಲ್ಲಿಗಾಗಿ.

ಇದಕ್ಕಿಂತ ಹೆಚ್ಚು ಬರೆಯಲಾರೆ. ಓದಿ ಸುಟ್ಟುಹಾಕು.

ಜೋ


ಏಪ್ರಿಲ್ ೨೪

ಜೋಲೀನ್,

ನಿನ್ನ ಕಾಗದ ಸುಟ್ಟಿಲ್ಲ, ಸುಡುವುದೂ ಇಲ್ಲ.

ವಿವರದ ಬಿಲ್ಲು ತರಲು ಮೂರು ಸಲ ಅಲೆದೆ. ಕೌಂಟರಿನಲ್ಲಿದ್ದ ಹುಡುಗಿ, "ಆಂಟಿ, ಯಾಕೆ ಬೇಕು ಅದು? ಓದಿದ್ರೆ ಬಿ.ಪಿ. ಏರುತ್ತೆ ಅಷ್ಟೇ" ಅಂದಳು.

"ಏರಿದ್ರೆ ನಿಮ್ಮಲ್ಲಿಗೆ ಮಾತ್ರ ಬರಲ್ಲ, ಹೆದರ್ಬೇಡ. ಕೊಡು."

ಮೂವತ್ತೊಂದು ಪುಟ. ಅಡುಗೆ ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ಕೂತು ಓದಿದೆ. ಅವನ ಕಾಲಿಗೆ ಹಾಕಿದ ಕಾಲುಚೀಲಕ್ಕೆ ದುಡ್ಡು. ಆ ಕಾಲುಚೀಲ ಬಿಚ್ಚಿದ್ದಕ್ಕೂ ಏನಾದರೂ ಹಾಕಿರಬಹುದೆಂದು ಹುಡುಕಿದೆ. ಎರಡನೇ ಆಪರೇಷನ್ನಿನ ಪೂರ್ತಿ ಖರ್ಚು ನಮ್ಮ ತಲೆಗೇ ಕಟ್ಟಿದ್ದಾರೆ. 'ಹೊರವಸ್ತು ತೆಗೆದದ್ದು' ಎಂದು ಒಂದು ಸಾಲು. ತಾವೇ ಒಳಗಿಟ್ಟದ್ದನ್ನು ತೆಗೆಯಲು ಕೂಲಿ ಕೇಳುವ ಇಂಥ ಜನವನ್ನು ನಾನು ಕಂಡಿಲ್ಲ. ಕಾರ್ಖಾನೆಯ ವಿಮೆ ಹೋದ ಮೇಲೆ ಡೆಲ್ ಕೊಂಡಿದ್ದ ಅಗ್ಗದ ವಿಮೆ ಇದಕ್ಕೆ ಚಿಕ್ಕಾಸೂ ಕೊಡುವುದಿಲ್ಲ.

ಆಮೇಲೆ ಹನ್ನೆರಡನೇ ಪುಟ. ಅಕ್ಟೋಬರ್ ಹದಿನಾಲ್ಕು, ಹೊಟ್ಟೆಯ ಆಪರೇಷನ್ ಬಟ್ಟೆ, ಐದರ ಕಟ್ಟು. ಎಷ್ಟು? ಐದು ಕಟ್ಟು. ಪ್ರತಿ ಕಟ್ಟಿಗೂ ಬೆಲೆ, ಬಿಚ್ಚಿದ ಗಂಟೆ, ನಿಮಿಷ.

ಎಣಿಕೆ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಅದರಲ್ಲಿ ನಾಲ್ಕು ಕಟ್ಟು. ಒಳಗೆ ಹೋದದ್ದು ಇಪ್ಪತ್ತು, ಹೊರಗೆ ಬಂದದ್ದು ಇಪ್ಪತ್ತು, ಎಣಿಕೆ ಸರಿ. ಕೆಳಗೆ ನಿನ್ನ ಸಹಿ. ಅದು ನಿನ್ನದೇ ಬರಹ, ಜೋಲೀನ್. ಚೆಂಡು ಉರುಳಿಸುವ ನಮ್ಮ ಬೌಲಿಂಗ್ ಆಟದಲ್ಲಿ ನಲವತ್ತು ವರ್ಷ ನೀನು ಬರೆದ ಅಂಕಗಳನ್ನು ನೋಡಿದ್ದೇನೆ. ಹಾಳೆ ಬರೆಯುವಾಗ ಕಟ್ಟು ನಾಲ್ಕು, ದುಡ್ಡು ಕೇಳುವಾಗ ಐದು. ಸುಳ್ಳು ಹೇಳಿದ ಮೇಲೂ ಆ ಐದನೆಯ ಕಟ್ಟಿನ ಕಾಸು ಬಿಡಲು ಅವರಿಗೆ ಮನಸ್ಸು ಬರಲಿಲ್ಲ.

ಬ್ರೂಬೇಕರ್ ಇದನ್ನು ನೋಡಿ ಎದ್ದು ನಿಂತ. ಮತ್ತೆ ಕೂತ. "ಇದಿದ್ರೂ ಮಿತಿ ಮಿತೀನೇ ಅಮ್ಮ" ಅಂದ. ಆದರೂ ಪುಕ್ಕಟೆಯಾಗಿ ಒಂದು ಕಾಗದ ಬರೆದು ಹಾಕಿದ. ಆಸ್ಪತ್ರೆಯವರ ಉತ್ತರ ಆರೇ ದಿನಕ್ಕೆ ಬಂತು. ಬಿಲ್ಲು ಪೂರ್ತಿ ಮಾಫಿ, ಮೇಲೆ ಒಂದಿಷ್ಟು ದುಡ್ಡು. ಪ್ರತಿಯಾಗಿ, ಬಟ್ಟೆ ಅವರದಲ್ಲವೆಂದು ಒಪ್ಪಿ, ಈ ವಿಷಯ ಜೀವಮಾನದಲ್ಲಿ ಯಾರ ಮುಂದೆಯೂ ಬಾಯಿಬಿಡುವುದಿಲ್ಲವೆಂದು ನಾನು ಸಹಿ ಹಾಕಬೇಕು. ಮೇ ಮೂವತ್ತೊಂದು ಕೊನೆಯ ದಿನ. ಹಾಕದಿದ್ದರೆ ಬಿಲ್ಲನ್ನು ವಸೂಲಿಯವರಿಗೆ ಕೊಡುತ್ತಾರೆ. ಮನೆ ಡೆಲ್ ಹೆಸರಿನಲ್ಲಿದೆ, ಅದಕ್ಕೇ ಕೈ ಹಾಕಬಹುದು.

ಐದನೆಯ ಕಟ್ಟು ಏನಾಯಿತು? ಅದು ಗೊತ್ತಿರುವುದು ನಿನಗೊಬ್ಬಳಿಗೇ.

ಮೇವಿಸ್


ಮೇ ೬

ಮೇವಿ,

ಹೇಳುತ್ತೇನೆ. ಹೇಳಿದ ಮೇಲೆ ನೀನು ನನ್ನ ಮುಖ ನೋಡುವುದಿಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಹೊಟ್ಟೆ ಹೊಲಿಯುವ ಮೊದಲು ಇಬ್ಬರು ಸೇರಿ ಗಟ್ಟಿಯಾಗಿ ಎಣಿಸುತ್ತೇವೆ. ಅವತ್ತು ಐದು ಕಟ್ಟು ಬಿಚ್ಚಿದ್ದೆವು, ಇಪ್ಪತ್ತೈದು ಬಟ್ಟೆ. ಎಣಿಸಿದರೆ ಇಪ್ಪತ್ತನಾಲ್ಕು. ನಾನು ಕೂಗಿ ಹೇಳಿದೆ. ಡಾ. ಹಾಲ್ವರ್ಸನ್, "ಮತ್ತೆ ಎಣಿಸು" ಅಂದರು. ಎಣಿಸಿದೆ. ಇಪ್ಪತ್ತನಾಲ್ಕು. ಕಸದ ಚೀಲ ಸುರಿದು ಹುಡುಕಿದೆ, ಮೇಜಿನ ಕೆಳಗೆ ಮಂಡಿಯೂರಿ ನೋಡಿದೆ.

ಎಣಿಕೆ ತಪ್ಪಿದರೆ ಹೊಲಿಯುವ ಮುಂಚೆ ಎಕ್ಸ್-ರೇ ತೆಗೆಯಬೇಕು. ಬಟ್ಟೆಯಲ್ಲಿ ಒಂದು ನೀಲಿ ಎಳೆ ಇರುತ್ತದೆ, ಅದು ಎಕ್ಸ್-ರೇಯಲ್ಲಿ ಕಾಣುತ್ತದೆ. ಆದರೆ ಖರ್ಚು ಉಳಿಸಲೆಂದು ಆ ಬೇಸಿಗೆಯಿಂದ ಎಕ್ಸ್-ರೇಯವನನ್ನು ಮಧ್ಯಾಹ್ನ ಮೂರಕ್ಕೇ ಮನೆಗೆ ಕಳಿಸುತ್ತಿದ್ದರು. ಅವತ್ತು ಮೂರು ದಾಟಿತ್ತು, ಕರೆದರೆ ಬರಲು ನಲವತ್ತು ನಿಮಿಷ. ಹೊರಗೆ ಮುಂದಿನ ರೋಗಿ ಕಾಯುತ್ತಿದ್ದ.

"ನಾನು ಕೈ ಹಾಕಿ ನೋಡಿದೀನಿ, ಒಳಗೇನೂ ಇಲ್ಲ" ಅಂದರು ಡಾಕ್ಟರು. "ಕೆಲವು ಕಟ್ಟಲ್ಲಿ ನಾಲ್ಕೇ ಬರ್ತವೆ, ನಿಂಗೊತ್ತಿಲ್ವಾ? ಬಿಚ್ಚಿದಾಗ ಎಣಿಸ್ಲಿಲ್ಲ ನೀನು."

"ಎಣಿಸಿದ್ದೆ ಡಾಕ್ಟ್ರೇ."

"ಜೋಲೀನ್, ನಲವತ್ತು ನಿಮಿಷ ಇವರನ್ನ ಹೀಗೇ ತೆರೆದಿಟ್ಟುಕೊಂಡು ಕೂರ್ಲಾ ನಾನು? ನೀನು ಹೇಳು, ಕೂರ್ತೀನಿ. ಬರಕೊಳ್ತಾರೆ, ಯಾರು ತಡ ಮಾಡಿದ್ದು ಅಂತ."

ಐದಕ್ಕಿಂತ ಕಡಿಮೆ ಇರುವ ಕಟ್ಟು ಸಿಕ್ಕರೆ ಅದನ್ನು ಪೂರ್ತಿ ಕೋಣೆಯಿಂದ ಹೊರಗೆ ಹಾಕಬೇಕು, ಎಣಿಕೆಗೆ ಸೇರಿಸಬಾರದು ಎಂದು ನಮ್ಮಲ್ಲಿ ನಿಯಮವಿದೆ. ಬಳಸುವ ಮೊದಲಿನ ನಿಯಮ ಅದು. ನಾನು ಬಳಸಿದ ಮೇಲೆ ಹಾಗೆ ಮಾಡಿದೆ. ರಕ್ತ ಹತ್ತಿದ ನಾಲ್ಕು ಬಟ್ಟೆಯನ್ನು ಚೀಲಕ್ಕೆ ಹಾಕಿ ಹೊರಗಿಟ್ಟೆ. ಹೊಸ ಹಾಳೆಯಲ್ಲಿ ನಾಲ್ಕು ಕಟ್ಟು ಎಂದು ಬರೆದೆ. 'ಎಣಿಕೆ ಸರಿ' ಎಂದು ಕೂಗಿದೆ. ನನ್ನ ಧ್ವನಿ ಚೆನ್ನಾಗಿಯೇ ಇತ್ತು, ನಡುಗಲಿಲ್ಲ. ಐದೂ ಕಟ್ಟನ್ನು ಯಂತ್ರಕ್ಕೆ ತೋರಿಸಿದ್ದು ನೆನಪಿಗೇ ಬರಲಿಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನವೆಂಬರಿನಲ್ಲಿ ಅವನನ್ನು ನೋಡಲು ಆಲೂಗಡ್ಡೆ ಬೇಯಿಸಿಕೊಂಡು ಬಂದಿದ್ದೆನಲ್ಲ. ನೀನು ತಟ್ಟೆ ತರಲು ಒಳಗೆ ಹೋದೆ. ನಾನು ಅವನ ದಿಂಬು ಸರಿಮಾಡಲು ಬಾಗಿದೆ. ಆ ವಾಸನೆ ಏನೆಂದು ನನಗೆ ತಕ್ಷಣ ಗೊತ್ತಾಯಿತು. ಮೂವತ್ತೆಂಟು ವರ್ಷದ ಕೆಲಸ, ನನ್ನ ಮೂಗಿಗೆ ಅದು ಗೊತ್ತು. ಅವತ್ತೇ ಬಾಯಿಬಿಟ್ಟಿದ್ದರೆ ಅವನು ಉಳಿಯುತ್ತಿದ್ದ. ನಾನು ರಾಯ್ ಮಾತ್ರೆ ನೆನೆದುಕೊಂಡೆ. "ಬೇಗ ಹುಷಾರಾಗು ಡೆಲ್" ಅಂದು ಮನೆಗೆ ಬಂದೆ.

ಈ ತಿಂಗಳ ಹದಿನೆಂಟಕ್ಕೆ ರಾಜಧಾನಿಯಲ್ಲಿ ಆ ಮಿತಿಯನ್ನು ಏರಿಸಬೇಕೋ ಬೇಡವೋ ಎಂದು ಶಾಸಕರ ಸಮಿತಿ ಜನರ ಮಾತು ಕೇಳುತ್ತದಂತೆ. ಬೇಡವೆಂದು ಹೇಳಿಸಲು ಆಸ್ಪತ್ರೆಯವರು ಮತ್ತೆ ಬಸ್ಸು ಮಾಡಿದ್ದಾರೆ. ಹಳೆಯ ನರ್ಸ್ ಮಾತಾಡಿದರೆ ತೂಕವಂತೆ. ನನ್ನ ಕೈಗೆ ಅಚ್ಚು ಹಾಕಿದ ಭಾಷಣ ಕೊಟ್ಟಿದ್ದಾರೆ. ಮೊದಲ ಸಾಲು, 'ನಮ್ಮ ಆಪರೇಷನ್ ಕೋಣೆಯಲ್ಲಿ ರೋಗಿಯ ಸುರಕ್ಷತೆಯೇ ಮೊದಲು.'

ಕ್ಷಮಿಸು ಎಂದು ಕೇಳುವುದಿಲ್ಲ.

ಜೋಲೀನ್


ಮೇ ೧೧

ನೀನು ಮೂಸಿ ನೋಡಿದ್ದೆ. ನಾನು ಅಡುಗೆಮನೆಯಲ್ಲಿ ನಿನಗೆ ಒಳ್ಳೆಯ ತಟ್ಟೆ ಹುಡುಕುತ್ತಿದ್ದೆ.

ಹಾಲ್ವರ್ಸನ್ ಬಗ್ಗೆ ನನಗೆ ಬರುವುದು ಸಿಟ್ಟು. ಆಸ್ಪತ್ರೆಯ ಬಗ್ಗೆಯೂ ಸಿಟ್ಟು. ನಿನ್ನ ಬಗ್ಗೆ ಬರುವುದು ಅಸಹ್ಯ. ಎರಡೂ ಬೇರೆ ಎಂದು ಈ ವಾರ ಗೊತ್ತಾಯಿತು. ಸಿಟ್ಟು ಬಂದರೆ ನನಗೆ ಪಾತ್ರೆ ತಿಕ್ಕಲು ಆಗುತ್ತದೆ. ಇದು ಬಂದರೆ ನೀನು ಕೂತಿದ್ದ ಕುರ್ಚಿಯನ್ನೂ ಮುಟ್ಟಲು ಆಗುತ್ತಿಲ್ಲ. ಅದನ್ನು ಗ್ಯಾರೇಜಿಗೆ ಹಾಕಿದ್ದೇನೆ.

ಬಸ್ಸು ಹತ್ತುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ. ಇಪ್ಪತ್ತೆರಡು ವರ್ಷದ ಹಿಂದೆ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಈ ಸಲ ಸ್ಯಾಂಡ್‌ವಿಚ್ ನಾನು ಮಾಡುವುದಿಲ್ಲ.

ಮೇವಿಸ್


ಜೂನ್ ೮

ಜೋಲೀನ್,

ಅವತ್ತು ರಾಜಧಾನಿಯಿಂದ ಬರುವಾಗ ಕಾರಿನಲ್ಲಿ ಮೂರು ಗಂಟೆ ನೀನು ನನ್ನ ಪಕ್ಕದಲ್ಲಿ ಕೂತಿದ್ದೆ. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಗಾಡಿ ಗುಂಡಿಗೆ ಇಳಿಸುತ್ತಿದ್ದೆ. ಆಗ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಸಭೆಯನ್ನು ಅವರು ಕಂಪ್ಯೂಟರಿನಲ್ಲಿ ತೋರಿಸುತ್ತಾರಂತೆ. ಬ್ರೂಬೇಕರ್ ತನ್ನ ಆಫೀಸಿನಲ್ಲಿ ಹಾಕಿಕೊಟ್ಟ. ನಿನ್ನ ಹೆಸರು ಕರೆದರು. ನೀನು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಎದ್ದು ಬಂದೆ. ಅವರ ಭಾಷಣದ ಮೊದಲ ಸಾಲು ಓದಿದೆ, ರೋಗಿಯ ಸುರಕ್ಷತೆಯೇ ಮೊದಲು ಎಂದು. ನಾನು ಎದ್ದು ಹೋಗಲು ಕೈಚೀಲ ತೆಗೆದುಕೊಂಡೆ. ಬ್ರೂಬೇಕರ್, "ತಡೀರಮ್ಮ" ಅಂದ.

ನೀನು ಆ ಕಾಗದ ಮಡಿಸಿ ಜೇಬಿಗೆ ಹಾಕಿದೆ. "ಇದು ನಾನು ಬರೆದಿದ್ದಲ್ಲ. ನಾನು ಬರೆದಿದ್ದು ಬೇರೆ ಒಂದು ಹಾಳೆ, ಅದು ಸುಳ್ಳು" ಅಂದೆ. ಆಮೇಲೆ ಎಲ್ಲ ಹೇಳಿದೆ. ಇಪ್ಪತ್ತೈದು, ಇಪ್ಪತ್ತನಾಲ್ಕು, ನಲವತ್ತು ನಿಮಿಷ, ಹೊರಗಿಟ್ಟ ಚೀಲ. ಡೆಲ್ಬರ್ಟ್ ಹಫ್‌ಮನ್ ಎಂದು ಅವನ ಪೂರ್ತಿ ಹೆಸರು ಹೇಳಿದೆ. "ಅವನ ಹೊಟ್ಟೆಯಲ್ಲಿದ್ದ ಬಟ್ಟೆ ನಮ್ದೇ" ಅಂದೆ. ವಾಸನೆಯ ವಿಷಯವನ್ನೂ ಬಿಡಲಿಲ್ಲ. ಅದನ್ನು ಬಿಡುತ್ತೀಯೆಂದು ನಾನು ತಿಳಿದಿದ್ದೆ.

ಸಮಿತಿಯ ಅಧ್ಯಕ್ಷ ಗಡಿಯಾರ ನೋಡಿಕೊಂಡು, "ಮೇಡಂ, ನಿಮ್ಮ ಮೂರು ನಿಮಿಷ ಮುಗೀತು, ಥ್ಯಾಂಕ್ಯೂ" ಅಂದ. ನೀನು ಮೈಕು ಬಿಡಲಿಲ್ಲ. "ಮುಗೀಲಿ ಸ್ವಾಮಿ. ನಲವತ್ತು ನಿಮಿಷ ಉಳಿಸೋಕೆ ಹೋಗಿ ಒಬ್ಬನನ್ನ ಕೊಂದಿದೀವಿ. ನಿಮ್ಗಿನ್ನೊಂದ್ ನಿಮಿಷ ಆದ್ರೆ ಏನು ಕಳೆದುಹೋಗುತ್ತೆ?" ಅಂದೆ. ಮೈಕು ಆರಿಸಿದರು. ನಿನ್ನ ತುಟಿ ಆಡುತ್ತಲೇ ಇತ್ತು.

ಆಸ್ಪತ್ರೆಯ ಬಸ್ಸು ನಿನ್ನನ್ನು ಬಿಟ್ಟು ಹೊರಟುಬಿಟ್ಟಿತೆಂದು ರಾಯ್ ಅಳುತ್ತ ಫೋನ್ ಮಾಡಿದ. ನಿಮ್ಮ ಹಳೇ ವ್ಯಾನು ಅಷ್ಟು ದೂರ ಹೋಗುವುದಿಲ್ಲ. ನಾನು ಬಂದದ್ದು ರಾಯ್‌ಗಾಗಿ, ನಿನಗಾಗಿ ಅಲ್ಲ. ಹಾಗೆಂದುಕೊಂಡೇ ಹೊರಟೆ. ಮೆಟ್ಟಿಲ ಮೇಲೆ ನೀನೊಬ್ಬಳೇ ಕೂತಿದ್ದೆ. ನಾವಿಬ್ಬರೂ ನಿಂತು ಕೂಗಿದ್ದ ಮೆಟ್ಟಿಲು ಅದು.

ಸಮಿತಿ ಮಿತಿಯನ್ನು ಇದ್ದಲ್ಲೇ ಇಟ್ಟಿತು, ಒಂಬತ್ತಕ್ಕೆ ನಾಲ್ಕು ಮತ. ಹಾಲ್ವರ್ಸನ್ ಇನ್ನೂ ಕುಯ್ಯುತ್ತಿದ್ದಾರೆ. ಎಕ್ಸ್-ರೇಯವನನ್ನು ಮಾತ್ರ ಸಂಜೆ ಏಳರವರೆಗೆ ಇರಿಸಿಕೊಳ್ಳುತ್ತಿದ್ದಾರಂತೆ, ಸದ್ದಿಲ್ಲದೆ. ನಿನ್ನ ಕೆಲಸ ಮರುದಿನವೇ ಹೋಯಿತೆಂದು ಗೊತ್ತು. ನರ್ಸಿನ ಪರವಾನಗಿಗೂ ಕೈ ಹಾಕಿದ್ದಾರೆಂದು ಕೇಳಿದೆ. ಅದು ಹೋದರೂ ನಾನು ಅಳುವುದಿಲ್ಲ, ಹೋಗಬೇಕಾದ್ದೇ. ರಾಯ್ ಮಾತ್ರೆ ಈ ತಿಂಗಳ ಕೊನೆಯವರೆಗೆ ಇದೆ ಎಂದೂ ಗೊತ್ತು.

ನಾನು ಸಹಿ ಹಾಕಲಿಲ್ಲ. ನೀನು ಅಷ್ಟು ಜನರ ಮುಂದೆ ಹೇಳಿದ ಮೇಲೆ ಬಟ್ಟೆ ಅವರದಲ್ಲವೆಂದು ನಾನು ಹೇಗೆ ಬರೆದುಕೊಡಲಿ? ವಸೂಲಿಯವರ ಮೊದಲ ಕಾಗದ ಮಂಗಳವಾರ ಬಂತು. ಅದೂ ಡೆಲ್ ಹೆಸರಿಗೇ.

ನಿನ್ನನ್ನು ಕ್ಷಮಿಸಿಲ್ಲ. ಕುರ್ಚಿ ಗ್ಯಾರೇಜಿನಲ್ಲೇ ಇದೆ. ಆದರೆ ಬರುವ ಶನಿವಾರ ಅಗ್ನಿಶಾಮಕದವರ ಹಾಲಿನಲ್ಲಿ ರಾಯ್ ಹೆಸರಿನಲ್ಲಿ ಸ್ಪಾಗೆಟ್ಟಿ ಊಟ ಇಟ್ಟಿದ್ದೇನೆ. ತಟ್ಟೆಗೆ ಹತ್ತು ಡಾಲರ್. ಗಂಡನ ಜೀವ ಉಳಿಸಿಕೊಳ್ಳಲು ಊರಿಗೆಲ್ಲ ಊಟ ಬಡಿಸಬೇಕು, ಇಂಥ ದರಿದ್ರ ವ್ಯವಸ್ಥೆಯಲ್ಲಿ ಇದ್ದೇವೆ ನಾವು. ಸಾರು ನಾನು ಮಾಡುತ್ತೇನೆ. ನೀನು ಬಾ, ದೂರದಲ್ಲಿ ನಿಂತು ಬ್ರೆಡ್ ಕತ್ತರಿಸು.

ಇವತ್ತು ಬೆಳಿಗ್ಗೆ ಪೆಟ್ರೋಲ್ ಬಂಕಿಗೆ ಹೋಗಿದ್ದೆ. ರಾಯ್‌ಗೆ ಹೊಸ ಡಬ್ಬ ಇಡೋಣವೆಂದುಕೊಂಡಿದ್ದೆ, ಆದರೆ ಕೌಂಟರಿನ ಮೇಲೆ ಜಾಗವಿಲ್ಲ. ಈಗಾಗಲೇ ನಾಲ್ಕು ಡಬ್ಬಗಳಿವೆ, ಅದರಲ್ಲೊಂದು ಮೂರು ವರ್ಷದ ಮಗುವಿನದು. ಡೆಲ್ ಫೋಟೋ ಕಿತ್ತು ಅದೇ ಡಬ್ಬ ಕೊಡೋಣವೆಂದು ಉಗುರು ಹಾಕಿದೆ, ಗೋಂದು ಬಿಡಲಿಲ್ಲ. ಕತ್ತರಿಸಿದ್ದ ಇನ್ನೊಂದು ಅರ್ಧ ನನ್ನ ಡ್ರಾಯರಿನಲ್ಲೇ ಇತ್ತು, ತಂದಿದ್ದೆ. ಡೆಲ್ ಪಕ್ಕದಲ್ಲೇ ರಾಯ್‌ನನ್ನು ಅಂಟಿಸಿದೆ. ಮೀನು ಕೂಡಿಕೊಂಡಿತು.

ಕಾಫಿಗೆ ನಿಂತಿದ್ದ ಲಾರಿಯವನೊಬ್ಬ ಬಗ್ಗಿ ನೋಡಿ, "ಇಬ್ಬರಲ್ಲಿ ಯಾರಿಗಮ್ಮ ಕಾಯಿಲೆ?" ಎಂದು ಕೇಳಿದ.

"ಎಡಗಡೆಯವನಿಗೆ ತಡವಾಯ್ತಪ್ಪ. ಬಲಗಡೆಯವನಿಗೆ ಹಾಕು" ಅಂದೆ.

ಅವನು ಟೋಪಿ ತೆಗೆದು ಒಂದು ಡಾಲರ್ ಹಾಕಿದ.

ಮೇವಿಸ್